ಮೇಡಂ ದನಿಯಲ್ಲಿ ಹನ್ನೆರಡು ನರಗಳು

ತಪ್ಪು ನನ್ನದು. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ವೈದ್ಯಶಾಸ್ತ್ರದ ಗಂಧಗಾಳಿ ಇಲ್ಲದ ನಾನು, ಅಂಗರಚನೆ ಕಲಿಸುವ ಪ್ರೊಫೆಸರ್ ಒಬ್ಬರ ದನಿಯಲ್ಲಿ ನನ್ನ ತಂಗಿಗೆ ಪಾಠ ಮಾಡಿದೆ. ಪಾಠದ ಒಂದು ಕಡೆ, ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ನನ್ನ ಕೈಯಿಂದಲೇ ಸೇರಿಸಿದೆ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡಳು. ಮಿಮಿಕ್ರಿ ಮಾಡುವವರಿಗೆಲ್ಲ ಈ ಕಾಯಿಲೆ ಉಂಟು. ದನಿ ಸರಿಯಾಗಿ ಬಂದುಬಿಟ್ಟರೆ ಸಾಕು, ಮಾತೂ ಸರಿಯಾಗಿಯೇ ಇರಬೇಕು ಎನ್ನಿಸಿಬಿಡುತ್ತದೆ.

ಕೊಚ್ಚಿಯ ಐಟಿ ಪಾರ್ಕಿನಲ್ಲಿ ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ನನ್ನದರಲ್ಲಿ ಹುಡುಕಲು ಯಾರೂ ಸಂಬಳ ಕೊಟ್ಟಿರಲಿಲ್ಲ. ಜೊತೆಯವರೆಲ್ಲ ಪಾರ್ಕಿನ ಮಗ್ಗುಲಲ್ಲೇ ಫ್ಲ್ಯಾಟು ಹಿಡಿದಿದ್ದರೆ ನಾನೊಬ್ಬ ಮಟ್ಟಾಂಚೇರಿಯಲ್ಲಿ, ಒಣಶುಂಠಿಯ ಗೋದಾಮಿನ ಮೇಲಿನ ಕೋಣೆಯಲ್ಲಿದ್ದೆ. ದಿನಾ ದೋಣಿ, ಆಮೇಲೆ ಬಸ್ಸು. ಯಾಕೆ ಅಷ್ಟು ದೂರ ಎಂದು ಕೇಳಿದವರಿಗೆ ಹಳೆಯ ಊರಿನ ಸೊಗಸು ಅದು ಇದು ಎಂದು ದೊಡ್ಡದಾಗಿ ಹೇಳುತ್ತಿದ್ದೆ. ನಿಜವೆಂದರೆ ದೋಣಿಯಲ್ಲಿ ದಿನಕ್ಕೊಂದು ಹೊಸ ದನಿ ಸಿಗುತ್ತಿತ್ತು. ಟಿಕೆಟ್ ಕೊಡುವವನ ಮೂಗುದನಿ, ಫೋನಿನಲ್ಲಿ ಮಗನನ್ನು ಬಯ್ಯುವ ತಾಯಂದಿರು, ಮ್ಯಾನೇಜರ್ ಕರೆ ಬಂದ ತಕ್ಷಣ ಬೆಕ್ಕಿನ ಮರಿಯಾಗುವ ನನ್ನದೇ ದನಿ. ಕೊನೆಯದಕ್ಕೆ ಆಫೀಸಿನ ಓಣಂ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದಿತ್ತು.

ಮನೆ ಇರುವುದು ತಿರುವನಂತಪುರದ ಉಳ್ಳೂರಿನಲ್ಲಿ. ಅಪ್ಪನಿಗೆ ರಾಕೆಟ್ಟಿನ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಹಾಗಾಗಿ ಅವಳ ಕನ್ನಡವೆಲ್ಲ ಕಿವಿಯಲ್ಲೇ ನಿಂತಿದೆ, ಬಾಯಿಗೆ ಇಳಿದಿಲ್ಲ. ‘ಅಣ್ಣಾ’ ಒಂದು ಕನ್ನಡ, ಅದರ ಮುಂದಿನದೆಲ್ಲ ಮಲಯಾಳಂ. ಅಮ್ಮ ಮೈಸೂರು ಕನ್ನಡದಲ್ಲಿ ಬಯ್ಯುತ್ತಾರೆ, ಇವಳು ಮಲಯಾಳದಲ್ಲಿ ಎದುರು ಮಾತಾಡುತ್ತಾಳೆ, ಜಗಳಕ್ಕೆ ಮಾತ್ರ ಏನೂ ಕೊರತೆಯಾಗುವುದಿಲ್ಲ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡಕ್ಕೆ ತಂದಿದ್ದೇನೆ. ಸರಿಯಿಲ್ಲ ಅನ್ನಿಸಿದರೆ ಅವಳನ್ನೇ ಬಯ್ಯಿರಿ.

ಅವಳು ಎಂಬಿಬಿಎಸ್ ಮೊದಲ ವರ್ಷದ ಅಂಗರಚನೆಯ ಮೌಖಿಕ ಪರೀಕ್ಷೆಯಲ್ಲಿ ಫೇಲಾದಳು. ಓದದೆ ಅಲ್ಲ. ಮೇಡಂ ಬುರುಡೆಯೊಂದನ್ನು ಮುಂದಿಟ್ಟು, ತೂತೊಂದಕ್ಕೆ ಕಡ್ಡಿ ತೋರಿಸಿ, ‘ಮೋಳೇ, ಈ ಬಾಗಿಲಿಂದ ಯಾರು ಹೊರಗೆ ಬರುತ್ತಾರೆ?’ ಎಂದು ಕೇಳಿದ್ದರು. ಮೋಳೇ ಎಂದರೆ ಮಗಳೇ, ಗಂಡಾದರೆ ಮೋನೇ. ಅವರು ಬಯ್ಯುವ ಮುಂಚೆ ತಪ್ಪದೆ ಮೋಳೇ ಎನ್ನುತ್ತಾರೆಂದು ಕಾಲೇಜಿಗೇ ಗೊತ್ತಿತ್ತು. ತಂಗಿಯ ಬಾಯಿಗೆ ಅಲ್ಲೇ ಬೀಗ ಬಿತ್ತು. ಮನೆಗೆ ಬಂದು, ಅಡುಗೆಮನೆಯ ಕಟ್ಟೆಗೆ ಆತುಕೊಂಡು, ಚಪಾತಿ ಹಿಟ್ಟು ಕಲಸುತ್ತಿದ್ದ ಅಮ್ಮನಿಗೆ ಒಂದೂ ಬಿಡದೆ ಅಷ್ಟೂ ಉತ್ತರ ಒಪ್ಪಿಸಿದಳಂತೆ.

‘ನಂಗ್ ಹೇಳಿದ್ದನ್ನೇ ಅಲ್ಲಿ ಹೇಳಕ್ಕೇನಾಗಿತ್ತೇ?’ ಎಂದು ಅಮ್ಮ ಕೇಳಿದರೆ, ‘ನೀನು ಮಾರ್ಕು ಹಾಕಲ್ಲವಲ್ಲ’ ಎಂದಳಂತೆ.

ಇನ್ನೊಂದು ಅವಕಾಶವಿತ್ತು, ಸಪ್ಲಿಮೆಂಟರಿ. ಅದೂ ಕೈಕೊಟ್ಟರೆ ಗೆಳತಿಯರೆಲ್ಲ ಮುಂದಿನ ವರ್ಷಕ್ಕೆ ಹೋಗುತ್ತಾರೆ, ಇವಳು ಹಿಂದಿನ ಬೆಂಚಿಗೆ, ಹೊಸದಾಗಿ ಬಂದ ಮಕ್ಕಳ ಜೊತೆ. ಬಾಗಿಲ ಹಿಂದೆ ನೇತುಹಾಕಿದ್ದ ಬಿಳಿ ಕೋಟನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಅಪ್ಪ ಅದನ್ನು ಕಂಡೂ ಕಾಣದವರಂತೆ ಪೇಪರ್ ಓದುತ್ತಿದ್ದರು.

ಒಂದು ಭಾನುವಾರ ನಾನು ಮನೆಗೆ ಹೋದಾಗ ಅವಳು ಫೋನಿನಲ್ಲಿ ಮೇಡಂ ಪಾಠದ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದಳು. ವಿಷಯ, ಮೆದುಳಿನಿಂದ ನೇರವಾಗಿ ಹೊರಟು ಬುರುಡೆಯ ತೂತುಗಳಿಂದ ಆಚೆ ಬರುವ ಹನ್ನೆರಡು ಜೊತೆ ನರಗಳು. ನಾನು ವಿಷಯ ಕೇಳಲಿಲ್ಲ, ದನಿ ಕೇಳಿದೆ. ಎಂಥ ದನಿ. ಅಗಲವಾದ, ಅವಸರವಿಲ್ಲದ, ಪ್ರತಿ ವಾಕ್ಯದ ಕೊನೆಗೆ ‘ಅಲ್ಲೇ?’, ಅಂದರೆ ನಮ್ಮ ‘ಅಲ್ಲವೇ?’, ಎಂದು ಕೊಕ್ಕೆ ಹಾಕಿ ಎಳೆಯುವ ದನಿ. ಅವರಿಗೆ ನರಗಳೆಲ್ಲ ಕೆಲಸಕ್ಕೆ ಹೊರಟ ಹೆಂಗಸರು. ‘ಎಲ್ಲಿಂದ ಹೊರಟಳು, ಯಾವ ಬಾಗಿಲು ದಾಟಿದಳು, ಯಾರ ಮನೆಗೆ ಹೋದಳು, ಅಲ್ಲಿ ಏನು ಮಾಡಿದಳು. ಇಷ್ಟು ಗೊತ್ತಿದ್ದರೆ ನರ ಗೊತ್ತು, ಅಲ್ಲೇ?’

ನನಗೆ ತಡೆಯಲಾಗಲಿಲ್ಲ. ಹೆಗಲಿಗೆ ಟವೆಲನ್ನು ಸೀರೆಯ ಸೆರಗಿನಂತೆ ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅಮ್ಮನ ಕಡಗೋಲು ಹಿಡಿದು ತಂಗಿಯ ಮುಂದೆ ನಿಂತೆ. ‘ಮೋಳೇ, ಏಳನೆಯವಳು ಎಲ್ಲಿಗೆ ಹೊರಟಳು?’

ಒಳಗಿಂದ ಅಮ್ಮ, ‘ಯಾರೋ ಬಂದಂಗಿದೆ, ಕೂರಿಸ್ರೋ, ಕಾಫಿ ತರ್ತೀನಿ’ ಎಂದರು.

ತಂಗಿ ನಕ್ಕಳು. ಎಷ್ಟೋ ದಿನದ ಮೇಲೆ. ನಕ್ಕು, ಅಣಕಿಸುವ ಹುಮ್ಮಸ್ಸಿನಲ್ಲಿ ತಾನೂ ಅದೇ ದನಿ ಎಳೆದಳು: ‘ಏಳನೆಯವಳು ಕಿವಿಯ ಪಕ್ಕದ ಎಲುಬಿನೊಳಗೆ ಉದ್ದದ ಓಣಿ ದಾಟಿ, ಕಿವಿಯ ಹಿಂದಿನ ಬಾಗಿಲಿಂದ ಹೊರಬಂದು, ಮುಖಕ್ಕೆಲ್ಲ ಹಂಚಿಕೊಂಡಳು. ಹುಬ್ಬು ಎತ್ತುವವಳು ಅವಳೇ, ಕಣ್ಣು ಮುಚ್ಚುವವಳು ಅವಳೇ, ಹಲ್ಲು ಕಿರಿಯುವವಳೂ ಅವಳೇ, ಅಲ್ಲೇ?’ ಎಲ್ಲೂ ತಡವರಿಸಲಿಲ್ಲ. ಮುಗಿಸಿ ತಾನೇ ಬೆರಗಾಗಿ ಕೂತಳು.

ತನ್ನ ದನಿಯಲ್ಲಿ ಹೇಳು ಎಂದರೆ ಹೆದರುತ್ತಾಳೆ. ಮೇಡಂ ದನಿಯಲ್ಲಾದರೆ ಹೆದರಿಕೆ ಇಲ್ಲ, ಯಾಕೆಂದರೆ ಆ ದನಿಗೆ ಯಾರ ಹೆದರಿಕೆ ಇರಲು ಸಾಧ್ಯ? ಅಂದೇ ನಮ್ಮ ಒಪ್ಪಂದವಾಯಿತು. ರೆಕಾರ್ಡಿಂಗ್‌ಗಳಲ್ಲಿ ಫ್ಯಾನಿನ ಗಲಾಟೆ, ಬೆಂಚಿನ ಗಲಾಟೆ, ಯಾರದೋ ಕೆಮ್ಮು. ಅದನ್ನೆಲ್ಲ ಸೋಸಿ, ಮೇಡಂ ದನಿಯಲ್ಲೇ ಒಂದೊಂದು ನರಕ್ಕೂ ಒಂದೊಂದು ಚಿಕ್ಕ ಪಾಠ ಮಾಡಿ ನಾನು ಕೊಚ್ಚಿಯಿಂದ ಕಳಿಸುವುದು. ಅವಳು ಕೇಳಿ, ಹಾಗೇ ತಿರುಗಿ ಹೇಳಿ ಕಳಿಸುವುದು.

ಹಾಗೆ ದೋಣಿಯಲ್ಲಿ ಕೂತು ನಾನು ನರಶಾಸ್ತ್ರಜ್ಞೆಯಾದೆ. ಮೊದಲನೆಯವಳು ವಾಸನೆಯವಳು. ಅವಳ ಪಾಠ ಮಾಡುವಾಗ, ನನ್ನ ಕೋಣೆಯಲ್ಲಿ ಶುಂಠಿಯ ವಾಸನೆ ಬರುವುದು ಯಾವಾಗಲೋ ನಿಂತುಹೋಗಿದೆ ಎಂದು ಹೊಳೆದು ಗಾಬರಿಯಾಯಿತು. ‘ನರ ಸತ್ತಿಲ್ಲ, ಅಭ್ಯಾಸವಾಗಿದೆ ಅಷ್ಟೆ. ನಿನ್ನ ಮಿಮಿಕ್ರಿ ನಮಗೆ ಅಭ್ಯಾಸವಾದ ಹಾಗೆ’ ಎಂದು ತಂಗಿ ಸಮಾಧಾನ ಹೇಳಿದಳು. ಐದನೆಯವಳು ಮುಖದ ಮೇಲೆ ನೊಣ ಕೂತದ್ದನ್ನು ಹೇಳುವವಳು, ಕಡಲೆ ಅಗಿಸುವವಳು. ಹತ್ತನೆಯವಳು ನನಗೆ ಬಹಳ ಹಿಡಿಸಿದಳು. ಕುತ್ತಿಗೆ ಇಳಿದು, ಎದೆ ದಾಟಿ, ಹೊಟ್ಟೆಯವರೆಗೂ ತಿರುಗುತ್ತಾಳೆ. ಅವಳ ಎಡಗಡೆಯ ಕೊಂಬೆಯೊಂದು ಎದೆಯೊಳಗೆ ಇಳಿದು, ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಬಳಸಿಕೊಂಡು, ಮತ್ತೆ ಮೇಲೆ ಹತ್ತಿ ಬಂದು ಗಂಟಲಿನ ದನಿಪೆಟ್ಟಿಗೆಯನ್ನು ಸೇರುತ್ತದೆ. ಇಷ್ಟು ವರ್ಷ ದನಿಯನ್ನೇ ಉಂಡು ಬದುಕಿದವನಿಗೆ ಅದು ಎದೆಯ ತನಕ ಹೋಗಿ ಬರುತ್ತದೆಂದು ಗೊತ್ತೇ ಇರಲಿಲ್ಲ.

ಹನ್ನೆರಡನೆಯವಳ ದಿನ ಎದುರು ಬೆಂಚಿನಲ್ಲಿ ಮೀನಿನ ಚೀಲ ಹಿಡಿದ ಹಿರಿಯರೊಬ್ಬರು ಕೂತಿದ್ದರು. ‘ನಾಲಿಗೆ ಹೊರಗೆ ಹಾಕಿದಾಗ ಅದು ದುರ್ಬಲವಾದ ಕಡೆಗೇ ವಾಲುತ್ತದೆ, ಅಲ್ಲೇ?’ ಎಂದು ನಾನು ಫೋನಿಗೆ ಹೆಂಗಸಿನ ದನಿಯಲ್ಲಿ ಹೇಳಿ ತಲೆ ಎತ್ತಿದರೆ, ಅವರು ನೀರಿನ ಕಡೆ ತಿರುಗಿಕೊಂಡು, ತಮ್ಮ ಫೋನಿನ ಕ್ಯಾಮೆರಾ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದರು. ಇಳಿಯುವಾಗ, ‘ನೇರ ಇದೆ ಮೋನೇ’ ಎಂದು ನನಗೆ ತಿಳಿಸಿ ಹೋದರು.

ಅಪಘಾತವಾದದ್ದು ನಾಲ್ಕನೆಯವಳಲ್ಲಿ. ರೆಕಾರ್ಡಿಂಗಿನಲ್ಲಿ ಅರ್ಧ ಚೆನ್ನಾಗಿ ಕೇಳುತ್ತಿತ್ತು. ಇವಳು ಹನ್ನೆರಡರಲ್ಲಿ ಅತಿ ತೆಳ್ಳಗಿನವಳು, ಮೆದುಳಿನ ಕಾಂಡದ ಹಿಂಬಾಗಿಲಿಂದ ಹೊರಡುವವಳು ಇವಳೊಬ್ಬಳೇ, ಸುತ್ತಿಕೊಂಡು ಮುಂದೆ ಬಂದು ಕಣ್ಣಿನ ಗೂಡು ಸೇರಿ, ಅಲ್ಲಿ ಮೇಲಿನ ಓರೆ ಸ್ನಾಯು ಎಂಬ ಒಂದೇ ಒಂದು ಸ್ನಾಯುವನ್ನು ಎಳೆಯುತ್ತಾಳೆ. ಅಷ್ಟರಲ್ಲಿ ಯಾರೋ ಕಬ್ಬಿಣದ ಕುರ್ಚಿ ಎಳೆದರು. ಆಮೇಲೆ ಕೇಳಿಸಿದ್ದು ಕೊನೆಯ ‘ಅಲ್ಲೇ?’ ಮಾತ್ರ. ಕಣ್ಣು ಯಾವ ಕಡೆ ಹೊರಳುತ್ತದೆ ಎಂಬುದು ಕುರ್ಚಿಯ ಕೆಳಗೆ ಹೋಗಿತ್ತು. ದೋಣಿ ದಡ ಮುಟ್ಟುವುದರಲ್ಲಿತ್ತು. ಮೇಲಿನ ಸ್ನಾಯು ಅಂದಮೇಲೆ ಕಣ್ಣನ್ನು ಮೇಲಕ್ಕೇ ಎಳೆಯಬೇಕು, ಇದಕ್ಕೆ ಡಾಕ್ಟರ್ ಆಗಬೇಕೇ? ‘ಕಣ್ಣನ್ನು ಮೇಲಕ್ಕೆತ್ತುತ್ತಾಳೆ, ಅಲ್ಲೇ?’ ಎಂದು ಮುಗಿಸಿ ಕಳಿಸಿದೆ. ಆ ‘ಅಲ್ಲೇ’ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾನೇ ಮತ್ತೆ ಮತ್ತೆ ಕೇಳಿದೆ.

ಇನ್ನು ನನ್ನ ಮನೆಯೊಡತಿ. ಓಣಿಯವರಿಗೆಲ್ಲ ಆಕೆ ಉಮ್ಮ, ಅಂದರೆ ಅಮ್ಮ, ನನಗೂ ಉಮ್ಮ. ಮೇಲಿನ ಮಹಡಿಯ ಇನ್ನೊಂದು ಬದಿಯಲ್ಲಿ ಇದ್ದರು. ಮರದ ಏಣಿಮೆಟ್ಟಿಲು ಹತ್ತುವಾಗ ನನಗಿಂತ ಚುರುಕು. ಇಳಿಯುವಾಗ ಮಾತ್ರ ತಲೆಯನ್ನು ಎಡಭುಜಕ್ಕೆ ವಾಲಿಸಿ, ಗದ್ದವನ್ನು ಎದೆಗೆ ಒತ್ತಿ, ಒಂದು ಕೈಯಲ್ಲಿ ಗೋಡೆ ಸವರುತ್ತ, ಯಾರದೋ ಗುಟ್ಟು ಕೇಳಿಸಿಕೊಳ್ಳುತ್ತ ಇಳಿಯುವವರಂತೆ ಇಳಿಯುತ್ತಿದ್ದರು. ನಾನು ಅದನ್ನು ಬಿಡುತ್ತೇನೆಯೇ. ಓಣಿಯಲ್ಲೂ ಆಫೀಸಿನ ಊಟದ ಹೊತ್ತಿಗೂ ಮಾಡಿ ತೋರಿಸಿಯಾಗಿತ್ತು. ಪರೀಕ್ಷೆಯ ವಾರ, ತಂಗಿಯ ಮನಸ್ಸು ಹಗುರವಾಗಲಿ ಎಂದು ವಿಡಿಯೋ ಕರೆ ಮಾಡಿ, ಫೋನನ್ನು ಕೆಳಗೆ ಗೋಡೆಗೆ ಒರಗಿಸಿಟ್ಟು, ಉಮ್ಮನಂತೆ ಮೆಟ್ಟಿಲಿಳಿದೆ.

ನಗು ಬರಲಿಲ್ಲ.

‘ಇನ್ನೊಂದು ಸಲ ಇಳಿ’ ಎಂದಳು.

ಇಳಿದೆ.

‘ತಲೆ ಯಾವಾಗಲೂ ಅದೇ ಕಡೆಗಾ? ನೀನು ಚೆಂದಕ್ಕೆ ಸೇರಿಸಿದ್ದಲ್ಲ ತಾನೆ?’

‘ಏಯ್, ನನ್ನ ಕಲೆಗೆ ಅವಮಾನ ಮಾಡ್ಬೇಡ. ಇದ್ದದ್ದು ಇದ್ದಹಾಗೆ.’

‘ಹತ್ತುವಾಗ ಏನೂ ತೊಂದರೆ ಇಲ್ಲವಾ?’

‘ನನ್ನನ್ನ ತಳ್ಳಿಕೊಂಡು ಹೋಗ್ತಾರೆ.’

‘ಅಣ್ಣಾ, ಅದು ನಾಲ್ಕನೆಯವಳು’ ಎಂದಳು. ‘ಬಲಗಣ್ಣಿನ ನಾಲ್ಕನೆಯವಳು ಸೋತಿದ್ದಾಳೆ. ಕೆಳಗೆ ನೋಡಿದಾಗ ಎರಡೆರಡು ಕಾಣುತ್ತದೆ, ಅದನ್ನು ಒಂದು ಮಾಡಲು ತಲೆ ಎಡಕ್ಕೆ ವಾಲಿಸುತ್ತಾರೆ.’ ಹೇಳುತ್ತ ಹೇಳುತ್ತ ನಿಂತಳು. ‘ಕೆಳಗೆ ನೋಡಿದಾಗ. ಹಾಗಾದರೆ ನೀನು ಮೇಲಕ್ಕೆ ಅಂದದ್ದು?’

ನಾನು ಮೆಟ್ಟಿಲ ಮೇಲೆಯೇ ಕೂತೆ. ಅವಳು ಪುಸ್ತಕ ತೆರೆದು ಓದಿದಳು. ಆ ಸ್ನಾಯು ಕಣ್ಣಿನ ಗೂಡಿನ ಮೂಲೆಯ ಚಿಕ್ಕದೊಂದು ರಾಟೆಯೊಳಗೆ ಹಾದು ತಿರುಗುತ್ತದೆ. ಬಾವಿಯ ಹಗ್ಗದ ಹಾಗೆ, ಎಳೆಯುವ ದಿಕ್ಕು ಒಂದು, ಆಗುವ ಕೆಲಸ ಇನ್ನೊಂದು. ಹೆಸರು ಮೇಲಿನದು, ಮೂಗಿನ ಕಡೆ ಹೊರಳಿದ ಕಣ್ಣನ್ನು ಅದು ಇಳಿಸುವುದು ಕೆಳಕ್ಕೆ.

ಅವಳು ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಎಷ್ಟೋ ಸಲ ಕೇಳಿದ್ದೇನೆ ಅಣ್ಣಾ. ಮೇಡಂ ದನಿಯಲ್ಲಿ ಶುರುಮಾಡಿದರೆ ಮೇಲಕ್ಕೆ ಅಂತಲೇ ಬರುತ್ತದೆ. ನನ್ನ ದನಿಯಲ್ಲಿ ಶುರುಮಾಡಿದರೆ ಏನೂ ಬರುವುದಿಲ್ಲ’ ಎಂದಳು. ಸರಿಮಾಡಿ ಹೊಸ ಪಾಠ ಕಳಿಸಲೇ ಎಂದು ಕೇಳಿದೆ. ಬೇಡ ಎಂದಳು. ಇನ್ನು ನನ್ನದೇನನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದಳು. ಆಮೇಲೆ, ‘ಮೊದಲು ಉಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು’ ಎಂದು ಹೇಳಿ ಫೋನಿಟ್ಟಳು.

ಉಮ್ಮನ ಹತ್ತಿರ ಹೋಗಿ ಕೆಳಗೆ ನೋಡಿದರೆ ಎರಡೆರಡು ಕಾಣುತ್ತದೆಯೇ ಎಂದು ಕೇಳಿದೆ.

‘ಹಿಂದೆ ಒಮ್ಮೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತಲ್ಲ, ಅಂದಿನಿಂದ ಎರಡೆರಡೇ’ ಎಂದರು, ಶುಂಠಿ ಚಹಾ ಸೋಸುತ್ತ. ‘ಎರಡರಲ್ಲಿ ಯಾವುದು ನಿಜವಾದ ಮೆಟ್ಟಿಲು ಅಂತ ಕೈಗೆ ಗೊತ್ತು ಮೋನೇ, ಗೋಡೆ ಮುಟ್ಟಿ ಇಳಿಯುತ್ತೇನೆ. ನಿನಗೆ ಯಾರು ಹೇಳಿದರು?’

‘ತಂಗಿ. ನೀವು ಇಳಿಯುವುದನ್ನ ನೋಡಿ.’

‘ಅವಳು ಇಲ್ಲಿಗೆ ಬಂದೇ ಇಲ್ಲವಲ್ಲ.’

ನಾನು ಚಹಾದ ಲೋಟದೊಳಗೆ ನೋಡಿದೆ. ಉಮ್ಮ, ‘ಓಹೋ. ಓಣಿಯಲ್ಲೆಲ್ಲ ಮಾಡಿ ತೋರಿಸುತ್ತೀ ಅಂತ ಕೇಳಿದ್ದೆ. ಒಮ್ಮೆಯಾದರೂ ಉಪಯೋಗಕ್ಕೆ ಬಂತಲ್ಲ’ ಎಂದರು. ಮರುದಿನ ಅರ್ಧ ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ತಂಗಿ ಹೇಳಿದ್ದನ್ನೇ ಡಾಕ್ಟರರೂ ಹೇಳಿದರು, ಅವಳಿಗಿಂತ ನಿಧಾನವಾಗಿ. ಎರಡನ್ನು ಒಂದು ಮಾಡಿಸುವ ಪ್ರಿಸಂ ಕನ್ನಡಕ ಬರೆದುಕೊಟ್ಟರು. ಪರೀಕ್ಷೆಗೆ ಹಾಕಿದ ಗಾಜಿನೊಳಗಿಂದ ಉಮ್ಮ ತಮ್ಮ ಕಾಲನ್ನೇ ನೋಡಿಕೊಂಡು, ‘ಅಯ್ಯೋ, ಎರಡೇ ಇವೆ’ ಎಂದರು. ತಂಗಿಗೆ ಸುದ್ದಿ ಕಳಿಸಿದೆ. ಓದಿದ್ದಾಳೆ ಎಂಬ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮೌಖಿಕದ ದಿನ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋಗಿ ಅಮ್ಮನ ಜೊತೆ ಕಾಲೇಜಿನ ವರಾಂಡದಲ್ಲಿ ನಿಂತೆ. ತಂಗಿ ಪೆಟ್ಟಿಗೆಯಿಂದ ತೆಗೆದ ಕೋಟು ಹಾಕಿಕೊಂಡಿದ್ದಳು, ಮಡಿಕೆಯ ಗೆರೆಗಳು ಹಾಗೇ ಇದ್ದವು. ನನ್ನನ್ನು ನೋಡಿ, ‘ನೀನು ಬಾಯಿ ಬಿಡಬೇಡ’ ಎಂದಳು. ಬಿಡಲಿಲ್ಲ. ಅವಳ ಸರದಿ ಬಂತು, ಬಾಗಿಲು ಮುಚ್ಚಿತು.

‘ಮಾತೇ ಆಡ್ತಿಲ್ವೇನೋ ಒಳಗೆ? ಏನೂ ಕೇಳಿಸ್ತಿಲ್ಲ’ ಎಂದರು ಅಮ್ಮ.

ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಮೇಜಿನ ಆಚೆ ಮೇಡಂ ಮತ್ತು ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು. ಮೇಡಂ ಕಡ್ಡಿ ತೋರಿಸಿದ್ದು ಕಣ್ಣಿನ ಗೂಡಿನ ಹಿಂದಿನ ಸೀಳಿಗೆ. ‘ಇಲ್ಲಿಂದ ಬರುವವರಲ್ಲಿ ಅತಿ ತೆಳ್ಳಗಿನವಳು ಯಾರು? ಅವಳ ಬಗ್ಗೆ ಹೇಳು ಮೋಳೇ.’ ಇವಳಿಗೆ ಬೀಗ. ಮೊದಲ ಸಲದಂತೆಯೇ. ಮೇಡಂ ಪೆನ್ನು ಎತ್ತಿಕೊಂಡರು. ಆ ಪೆನ್ನು ಕಾಗದ ಮುಟ್ಟಿದರೆ ಒಂದು ವರ್ಷ ಹೋಯಿತು ಎಂದು ಇವಳಿಗೆ ಗೊತ್ತಿತ್ತು. ಹಾಗಾಗಿ ಇದ್ದ ಒಂದೇ ಬಾಗಿಲು ತೆರೆದಳು. ಅಗಲವಾದ, ಅವಸರವಿಲ್ಲದ ದನಿಯಲ್ಲಿ, ಮೇಡಂ ಎದುರಿಗೇ, ಮೇಡಂ ಆಗಿ ಶುರುಮಾಡಿದಳು: ‘ನಾಲ್ಕನೆಯವಳು ಹಿಂಬಾಗಿಲಿಂದ ಹೊರಡುತ್ತಾಳೆ, ಅಲ್ಲೇ?’

ಬೇರೆ ಕಾಲೇಜಿನವರು ಕೆಮ್ಮಿದರಂತೆ. ಮೇಡಂ ಪೆನ್ನು ಗಾಳಿಯಲ್ಲೇ ನಿಂತಿತು. ಇವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂಬ ಭಯ. ಹಿಂಬಾಗಿಲು ದಾಟಿಸಿ, ಮುಂದೆ ಸುತ್ತಿಸಿ, ಕಣ್ಣಿನ ಗೂಡಿಗೆ ತಂದು, ‘ಅಲ್ಲಿ ಮೇಲಿನ ಓರೆ ಸ್ನಾಯುವನ್ನು ಎಳೆದು ಕಣ್ಣನ್ನು ಮೇಲಕ್ಕೆ’ ಎಂದುಬಿಟ್ಟಳು. ನನ್ನ ತಪ್ಪು ಅವಳ ಬಾಯಿಂದ ಮೇಡಂ ದನಿಯಲ್ಲಿ ಮೇಜಿನ ಮೇಲೆ ಬಿದ್ದಿತ್ತು.

ಆಗ ಉಮ್ಮ ನೆನಪಾದರಂತೆ. ಉಮ್ಮನೂ ಅಲ್ಲ, ಉಮ್ಮನಾಗಿ ಮೆಟ್ಟಿಲಿಳಿದ ನಾನು. ಅದೇ ಮೇಡಂ ದನಿಯಲ್ಲಿ ತನ್ನನ್ನು ತಾನೇ ಗದರಿಕೊಂಡಳು: ‘ಮೋಳೇ, ಮೆಟ್ಟಿಲು ಇಳಿಯುವವರನ್ನು ನೀನು ನೋಡಿಲ್ಲವೇ?’ ಬೈಗುಳ ಮುಗಿಯುವ ಹೊತ್ತಿಗೆ ಭಯವೂ ಮುಗಿದಿತ್ತು. ಮುಂದಿನದನ್ನು ತನ್ನ ದನಿಯಲ್ಲೇ ಹೇಳಿದಳು. ಮೇಲಕ್ಕಲ್ಲ, ಕೆಳಕ್ಕೆ, ರಾಟೆ ಇರುವುದರಿಂದ. ಈ ನರ ಸೋತ ಒಬ್ಬರು ತನಗೆ ಗೊತ್ತು, ಬಲಗಣ್ಣು, ತಲೆ ಎಡಕ್ಕೆ, ಹತ್ತುವುದು ಸಲೀಸು, ಇಳಿಯುವುದು ಕಷ್ಟ, ಈಗ ಕನ್ನಡಕ ಬರೆದುಕೊಟ್ಟಿದ್ದಾರೆ. ಆಮೇಲೆ ಅವರು ಕೇಳಿದ್ದಕ್ಕೆಲ್ಲ ತನ್ನ ದನಿಯಲ್ಲೇ ಉತ್ತರ ಕೊಟ್ಟಳಂತೆ. ಮೇಡಂ ಮಾತ್ರ ಮುಖದಲ್ಲಿ ಏನನ್ನೂ ತೋರಿಸದೆ, ‘ಹೋಗು’ ಎಂದಷ್ಟೇ ಅಂದರಂತೆ. ಏಳನೆಯವಳು ಅವರ ಮುಖದಲ್ಲಿ ಅಂದು ರಜೆ ಹಾಕಿದ್ದಳು ಎಂದು ತಂಗಿ ಇಂದಿಗೂ ಹೇಳುತ್ತಾಳೆ.

ಹೊರಗೆ ಬಂದು ಗೋಡೆಗೊರಗಿ ನಿಂತಳು. ‘ಪಾಸೋ ಫೇಲೋ ಗೊತ್ತಿಲ್ಲ. ನಾನು ಅಣಕಿಸಿದೆ ಅಂದುಕೊಂಡಿದ್ದಾರೆ’ ಎಂದಳು. ಅಮ್ಮ ಅವಳ ಕೈಗೆ ನೀರಿನ ಬಾಟಲಿ ಕೊಟ್ಟು ನನ್ನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಯಾರಿಗೂ ಮಾಡಿ ತೋರಿಸಿಲ್ಲ.

ಎಲ್ಲರ ಸರದಿ ಮುಗಿದು ಮೇಡಂ ಹೊರಬಂದರು. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ. ದನಿ ಕೇಳಿ ಆಳು ಅಷ್ಟೆತ್ತರ ಎಂದುಕೊಂಡಿದ್ದೆ. ಬಾಯಿ ಬಿಡಬೇಡ ಎಂದಿದ್ದಳು ನಿಜ. ಆದರೆ ನನ್ನ ಚೇಷ್ಟೆಗೆ ಅವಳ ವರ್ಷ ಹೋಗುವುದು ಬೇಡವೆಂದು ಅಡ್ಡ ಹೋಗಿ ನಿಂತೆ.

‘ಮೇಡಂ, ನಾನು ಇವಳ ಅಣ್ಣ. ನಿಮ್ಮ ದನಿ ಕಲಿಸಿದ್ದು ನಾನು. ಮೇಲಕ್ಕೆ ಅಂತ ತಪ್ಪು ಹೇಳಿಕೊಟ್ಟದ್ದೂ ನಾನೇ. ಅವಳು ನಿಮ್ಮನ್ನ ಅಣಕಿಸಿದ್ದಲ್ಲ. ಹಾಗಲ್ಲದೆ ಅವಳಿಗೆ ಮಾತೇ ಬರುತ್ತಿರಲಿಲ್ಲ.’

ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ನನ್ನನ್ನು ಅಳೆದರು. ನಾನು ಮಾಡಿದ್ದೂ ಥೇಟ್ ಹೀಗೆಯೇ ಎಂದು ಆ ಗಾಬರಿಯಲ್ಲೂ ಒಳಗೊಳಗೇ ಖುಷಿಯಾಯಿತು.

‘ಓ, ಗುರುಗಳು ನೀನೋ. ಎಲ್ಲಿ, ಒಮ್ಮೆ ಮಾಡು ನೋಡೋಣ.’

ಬಾಯಿ ತೆರೆದೆ. ದೋಣಿಯಲ್ಲಿ, ಬಸ್ಸಿನಲ್ಲಿ, ಬಚ್ಚಲಲ್ಲಿ ಎಲ್ಲೆಂದರಲ್ಲಿ ಬರುತ್ತಿದ್ದ ದನಿ ಎದೆಗೆ ಇಳಿದದ್ದು ತಿರುಗಿ ಹತ್ತಲೇ ಇಲ್ಲ. ‘ಮೋ’ ಎಂದು ಏನೋ ಬಂತು, ಮ್ಯಾನೇಜರಿಗೆ ಮೀಸಲಾದ ಬೆಕ್ಕಿನ ಮರಿಯ ದನಿಯಲ್ಲಿ. ವರಾಂಡದಲ್ಲಿ ನಿಂತಿದ್ದ ಹುಡುಗಿಯರೆಲ್ಲ ಕಾದರು. ಮೇಡಂ ಕೂಡ, ನನಗೆ ಬೇಕಾದುದಕ್ಕಿಂತ ಹೆಚ್ಚೇ ಕಾದರು. ಆಮೇಲೆ ಚೀಲವನ್ನು ಹೆಗಲಿಗೇರಿಸಿ, ತಂಗಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಹೇಳಿದರು:

‘ಇವಳು ಪಾಸು. ನೀನು ಸಪ್ಲಿಮೆಂಟರಿಗೆ ಬಾ ಮೋನೇ.’